ಇಂಪೀಚ್‌ಮೆಂಟ್‌ಗೆ ನೂರೂ ಸೆನೆಟರ್‌ಗಳಿಗೆ ಮೇಲ್ ಹಾಕಿದ್ರೆ ಉಪಯೋಗ ಇದ್ಯಾ?

ಅಮೆರಿಕದ ಅಧ್ಯಕ್ಷರ ಇಂಪೀಚ್‌ಮೆಂಟ್‌ಗೆ, ಅಂದ್ರೆ ಆರೋಪ ಹೊರಿಸಿ ಪದವಿಯಿಂದ ಇಳಿಸೋ ಕೆಲ್ಸಕ್ಕೆ, ಸೆನೆಟರ್‌ಗಳು ನೂರು ಜನಕ್ಕೂ ಮೇಲಾ ಇಲ್ಲಾ ಆನ್‌ಲೈನ್ ಪಿಟಿಷನ್ನಾ ಅಂತ ಕೇಳಿದೀರ. ಎರಡೂ ಬೇಡ ಮಾರಾಯ್ರೆ. 2019ರಲ್ಲಿ ಇದೇ ಕೆಲ್ಸ ಮಾಡಿ ಮೂರು ತಿಂಗ್ಳು ಹಾಳು ಮಾಡ್ಕೊಂಡವನು ನಾನು.

ಆಗ ನ್ಯೂಜೆರ್ಸಿ ಸ್ಟೇಟಿನ ದಕ್ಷಿಣ ಭಾಗದಲ್ಲಿದ್ದೆ, ಅಟ್ಲಾಂಟಿಕ್ ಸಿಟಿ ಹತ್ರ. ಸಿಟಿಜನ್‌ಶಿಪ್ ಸಿಕ್ಕಿದ ಹೊಸ ಹುರುಪು ಬೇರೆ. ಸೆಪ್ಟೆಂಬರ್ 24ಕ್ಕೆ ಕೆಳಮನೆ ಹೌಸ್‌ನ ಆಗಿನ ಸ್ಪೀಕರ್ ಪೆಲೋಸಿ ಟ್ರಂಪ್ ಮೇಲೆ ಇಂಪೀಚ್‌ಮೆಂಟ್ ವಿಚಾರಣೆ ಅಂತ ಅನೌನ್ಸ್ ಮಾಡಿದ್ದೇ ತಡ, ದಿನಾ ಮಧ್ಯಾಹ್ನ ಪಾರ್ಕಿಂಗ್ ಲಾಟಲ್ಲಿ ಕಾರೊಳಗೆ ಕೂತು, ತೊಡೆ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಕೊಂಡು, ಬೇರೆ ಬೇರೆ ಸ್ಟೇಟ್‌ನ ರಿಪಬ್ಲಿಕನ್ ಸೆನೆಟರ್‌ಗಳ ಆಫೀಸಿಗೆ ಫೋನು, ವಾಟ್ಸಾಪಲ್ಲಿ ಬಂದ ಸ್ಕ್ರಿಪ್ಟ್ ಓದೋದು. ಕೇಸ್ ಇನ್ನೂ ಆರೋಪ ಹೊರಿಸೋ ಹೌಸಲ್ಲೇ ಇತ್ತು, ತೀರ್ಪು ಕೊಡೋ ಮೇಲ್ಮನೆ ಸೆನೆಟ್‌ಗೆ ಬಂದೇ ಇರ್ಲಿಲ್ಲ! ಆ ಕಡೆಯವ್ರು ಕೇಳ್ತಿದ್ದಿದ್ದು ಒಂದೇ, ಜಿಪ್ ಕೋಡ್, ಅಂದ್ರೆ ಅಲ್ಲಿನ ಪಿನ್ ಕೋಡ್. 08234 ಅಂದ ತಕ್ಷಣ, ನಿಮ್ಮ ಸ್ಟೇಟಿನವ್ರಿಗೆ ಮಾಡಿ ಅಂತ ಮರ್ಯಾದೆಯಾಗಿ ಫೋನ್ ಇಡೋರು.

ನಾನ್ ಮಾಡಿದ ತಪ್ಪು ಏನಂದ್ರೆ, ಹೌಸಲ್ಲಿ ನಮ್ಮ ಕ್ಷೇತ್ರದ ಪ್ರತಿನಿಧಿ, ನಮ್ಮ ಸ್ವಂತ ಕಾಂಗ್ರೆಸ್‌ಮನ್‌ಗೆ ಒಂದೇ ಒಂದು ಫೋನ್ ಮಾಡ್ಲಿಲ್ಲ. ಜೆಫ್ ವ್ಯಾನ್ ಡ್ರೂ, 2018ರಲ್ಲಿ ಡೆಮಾಕ್ರಾಟ್ ಆಗಿ ಗೆದ್ದವ್ರು, ಇಂಪೀಚ್‌ಮೆಂಟ್ ಪರ ಓಟು ಹಾಕೇ ಹಾಕ್ತಾರೆ ಬಿಡು ಅಂತ. ಅಕ್ಟೋಬರ್ 31ಕ್ಕೆ ವಿಚಾರಣೆ ಹೇಗೆ ನಡೀಬೇಕು ಅನ್ನೋದ್ರ ಮೇಲೆ ಓಟಾಯ್ತು, 232-196. ಡೆಮಾಕ್ರಾಟ್‌ಗಳಲ್ಲಿ ಬೇಡ ಅಂದೋರು ಇಬ್ರೇ, ಅದ್ರಲ್ಲೊಬ್ರು ಇವ್ರು. ಅವತ್ತಾದ್ರೂ ಬುದ್ಧಿ ಬರ್ಬೇಕಿತ್ತಲ್ಲ? ಇವರೊಬ್ರು ಇಲ್ದಿದ್ರೂ ಮೆಜಾರಿಟಿ ಆಗತ್ತೆ ಅಂತ ಲೆಕ್ಕ ಹಾಕಿ ಮತ್ತೆ ಸೆನೆಟರ್‌ಗಳ ಹಿಂದೇನೇ ಬಿದ್ದೆ. ಲೆಕ್ಕ ಸರಿಯಾಗೇ ಇತ್ತು, ಅದ್ಕೇ ಇನ್ನೂ ಉರಿಯೋದು, ಇಷ್ಟೆಲ್ಲಾ ಲೆಕ್ಕ ಬರೋನಿಗೆ ತನ್ನ ಮಾತು ಎಣಿಕೆಗೆ ಬರೋ ಒಂದೇ ಆಫೀಸು ಯಾವ್ದು ಅಂತ ಹೊಳೀಲಿಲ್ಲ.

ಡಿಸೆಂಬರ್ 17ರ ಸಂಜೆ ದೇಶದ ತುಂಬಾ ರ‍್ಯಾಲಿ, ನಾನೂ ಚಳೀಲಿ ಬೋರ್ಡ್ ಹಿಡ್ಕೊಂಡು ನಿಂತಿದ್ದೆ. ಮಾರನೇ ದಿನ ಹೌಸಲ್ಲಿ ಎರಡೂ ಆರ್ಟಿಕಲ್, ಅಂದ್ರೆ ಟ್ರಂಪ್ ಮೇಲಿನ ಎರಡು ಆರೋಪ, ಪಾಸಾಯ್ತು, ನಮ್ಮ ವ್ಯಾನ್ ಡ್ರೂ ಎರಡಕ್ಕೂ ನೋ. 19ಕ್ಕೆ ವೈಟ್‌ಹೌಸಲ್ಲಿ ಟ್ರಂಪ್ ಪಕ್ಕ ಕೂತು ರಿಪಬ್ಲಿಕನ್ ಆಗ್ತೀನಿ ಅಂದ್ರು. ಟಿವಿ ನೋಡ್ತಿದ್ದ ನನ್ನ ಹೆಂಡ್ತಿ, "ಮನೆಗೆ ಮಾರಿ, ಊರಿಗೆ ಉಪಕಾರಿ" ಅಂದ್ಳು. ಅವ್ರಿಗಲ್ಲ, ನನಗೆ.

ನಾನು ಫೋನ್ ಮಾಡಿದ್ರೆ ಅವ್ರು ಬದಲಾಗ್ತಿದ್ರು ಅಂತೇನಿಲ್ಲ. ಟ್ರಂಪ್ ತಪ್ಪಿತಸ್ಥ ಅಂತ ತೀರ್ಮಾನ ಆಗೋಕೆ ಸೆನೆಟಲ್ಲಿ ಮೂರನೇ ಎರಡು ಭಾಗ, ಅಂದ್ರೆ 67 ಓಟು ಬೇಕು, 2020 ಫೆಬ್ರವರೀಲಿ ಬಂದಿದ್ದು ಒಂದು ಆರ್ಟಿಕಲ್‌ಗೆ 48, ಇನ್ನೊಂದಕ್ಕೆ 47, ರಿಪಬ್ಲಿಕನ್‌ಗಳಲ್ಲಿ ಹೌದು ಅಂದಿದ್ದು ಸೆನೆಟರ್ ರಾಮ್ನಿ ಒಬ್ರೇ, ಅದೂ ಒಂದಕ್ಕೆ ಮಾತ್ರ. ನಿಮ್ಮ ನೂರು ಮೇಲ್‌ನಿಂದ ಅದು ಅಲ್ಲಾಡಲ್ಲ. ನಿಮ್ಮ ಕಾಂಗ್ರೆಸ್‌ಮನ್ ಊರಲ್ಲಿ ಇಟ್ಟಿರೋ ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ, ವಾಷಿಂಗ್ಟನ್ನಿಗೂ ಮಾಡಿ, ಸ್ಕ್ರಿಪ್ಟ್ ಬಿಸಾಕಿ ನಿಮ್ಮ ಮಾತಲ್ಲೇ ಎರಡು ವಾಕ್ಯ ಹೇಳಿ. ನಮ್ಮೋರು ನಮ್ ಕಡೇನೇ ಅಂತ ಸುಮ್ನಿರೋದಂತೂ ಬೇಡ್ವೇ ಬೇಡ.

2021 ಜನವರೀಲಿ ಎರಡನೇ ಇಂಪೀಚ್‌ಮೆಂಟ್ ಬಂದಾಗ ಮೊದಲ ಫೋನು ವ್ಯಾನ್ ಡ್ರೂ ಆಫೀಸಿಗೇ. ಅವ್ರು ಆಗ್ಲೂ ನೋ ಅಂದ್ರು. ಆದ್ರೆ ಫೋನ್ ಎತ್ತಿದ ಹುಡುಗ ಜಿಪ್ ಕೋಡ್ ಕೇಳಿ ಫೋನ್ ಇಡ್ಲಿಲ್ಲ, ಹೆಸ್ರು ಸ್ಪೆಲ್ಲಿಂಗ್ ಹೇಳಿ ಅಂದ. ಎರಡು ಸಲ ಹೇಳ್ಸಿದ.