ಅನಿಲ ತಣ್ಣಗಾದರೆ ರಿಯಾಕ್ಟರ್ ಬಿಸಿಯಾಗುವುದೇಕೆ?
ನಮಸ್ಕಾರ ಸರ್. ಒಳಹೋಗುವ ಅನಿಲದ ಬಿಸಿ ಇಳಿಸಿದೊಡನೆ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಸೇರಿಸಿ ಮೀಥೇನ್ ತಯಾರಿಸುವ ನಿಮ್ಮ ರಿಯಾಕ್ಟರಿನ ನಡುಭಾಗದ ಉಷ್ಣತೆ ಏರಿತು, ಸೆನ್ಸರ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಸೆನ್ಸರ್ ಬಿಚ್ಚಬೇಡಿ, ಅದು ನಿಜವನ್ನೇ ಹೇಳುತ್ತಿರಬಹುದು.

ಅನಿಲ ಕೊಳವೆಯನ್ನು ಬೇಗ ದಾಟುತ್ತದೆ, ಕ್ರಿಯೆಗೆ ವೇಗ ಕೊಡುವ ಒಳಗಿನ ನಿಕ್ಕಲ್ ಗುಳಿಗೆಗಳು ತಣ್ಣಗಾಗುವುದು ನಿಧಾನ. ಬಾಯಿಯ ಬಳಿಯ ಗುಳಿಗೆಗಳು ತಣ್ಣಗಾಗಿ ಅಲ್ಲಿ ಕ್ರಿಯೆ ಮಂದವಾಗುತ್ತದೆ. ಖರ್ಚಾಗದ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಎರಡೂ ಇನ್ನೂ ಕಾದೇ ಇರುವ ನಡುಭಾಗಕ್ಕೆ ನುಗ್ಗುತ್ತವೆ. ಒಂದು ಮೋಲ್ ಮೀಥೇನಿಗೆ ಸುಮಾರು 165 ಕಿಲೋಜೂಲ್ ಶಾಖ ಹೊರಬರುತ್ತದೆ, ಅಷ್ಟೂ ಅಲ್ಲೇ! ಅತಿಯಾಗಿ ಕಾದರೆ ನಿಕ್ಕಲ್ ಕಣಗಳು ಒಂದಕ್ಕೊಂದು ಅಂಟಿ ಚುರುಕು ಕಳೆದುಕೊಳ್ಳುತ್ತವೆ.

ಆದ್ದರಿಂದ ಬಿಸಿಯನ್ನು ಹಂತಹಂತವಾಗಿ ಇಳಿಸಿ. ಪೂರ್ತಿ ನಿಲ್ಲಿಸುವುದಾದರೆ 200 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮುನ್ನವೇ ನೈಟ್ರೋಜನ್ ಹಾಯಿಸಿ. ಒಳಗೆ ಕಾರ್ಬನ್ ಮಾನಾಕ್ಸೈಡ್ ಉಳಿದಿದ್ದರೆ ನಿಕ್ಕಲ್ ಕಾರ್ಬೊನಿಲ್ ಎಂಬ ಘೋರ ವಿಷ ಹುಟ್ಟಬಹುದು. ಇದರಲ್ಲಿ ಮಾತ್ರ ದಯವಿಟ್ಟು ಅಸಡ್ಡೆ ಬೇಡ.