ನ್ಯೂಯಾರ್ಕ್‌ನಿಂದ ಅಮೆರಿಕ ದೇಶಕ್ಕೆಲ್ಲ ಹೋಗುವ ಟಾಕ್ ರೇಡಿಯೊ, ಅಂದರೆ ಹಾಡಿನ ಬದಲು ಮಾತು ಮತ್ತು ಕೇಳುಗರ ಫೋನ್ ಕರೆಗಳ ರೇಡಿಯೊ, ಶುರುವಾದದ್ದು ಹೇಗೆ? ಬಲಪಂಥೀಯ ಮಾತುಗಾರ ರಶ್ ಲಿಂಬಾ ಒಬ್ಬರೇ ಕಾರಣವಾ?

ಒಬ್ಬರೇ ಅಲ್ಲ. ಅವರು ಬರುವ ಹೊತ್ತಿಗೆ ನೆಲ ಹದವಾಗಿತ್ತು. ನಾನು ಆ ಬದಲಾವಣೆಯನ್ನು ಕಿವಿಯಾರೆ ಕೇಳಿದವನು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1986ರಲ್ಲಿ ನಾನು ನ್ಯೂಯಾರ್ಕ್‌ನ ಕ್ವೀನ್ಸ್‌ಗೆ ಬಂದೆ. ಹಗಲಿಡೀ ಒಂದು ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂತಿರುತ್ತಿದ್ದೆ, ಪಕ್ಕದಲ್ಲಿ ರೇಡಿಯೊ. ಹಾಸನದ ನಮ್ಮ ಮನೆಯಲ್ಲಿ ರೇಡಿಯೊ ಅಂದರೆ ಆಕಾಶವಾಣಿ: ವಾರ್ತೆ, ರೈತರ ಕಾರ್ಯಕ್ರಮ, ಚಿತ್ರಗೀತೆ. ಕೇಳುಗರು ಏನಾದರೂ ಹೇಳಬೇಕಿದ್ದರೆ ಕಾಗದ ಬರೆಯಬೇಕು. ಇಲ್ಲಿ ನೋಡಿದರೆ ಬ್ರೂಕ್ಲಿನ್‌ನಿಂದ ಯಾರೋ ಫೋನ್ ಮಾಡಿ ಮೇಯರ್ ಎಡ್ ಕಾಚ್ ಅವರನ್ನು ಬಾಯಿ ತುಂಬಾ ಬೈಯುತ್ತಿದ್ದರು, ಅದು ಹಾಗೇ ಪ್ರಸಾರವಾಗುತ್ತಿತ್ತು! ಮಧ್ಯಾಹ್ನದ ಮೇಲೆ ಡಬ್ಲ್ಯೂಎಬಿಸಿ ಅನ್ನುವ ಸ್ಟೇಷನ್ನಿನಲ್ಲಿ ಬಾಬ್ ಗ್ರಾಂಟ್ ಅನ್ನುವ ಮಾತುಗಾರರು ಬರುತ್ತಿದ್ದರು. ಸಿಟ್ಟು ಬಂದರೆ ಕರೆ ಮಾಡಿದವರನ್ನು ಗದರಿಸಿ ಫೋನ್ ಕುಕ್ಕುತ್ತಿದ್ದರು. ಈ ಊರಿನ ಇಂಗ್ಲಿಷ್ ನನಗೆ ಕಲಿಸಿದ್ದು ಆ ಕೇಳುಗರೇ.

ಈ ಮಾತಿನ ಚಟ ನ್ಯೂಯಾರ್ಕ್‌ಗೆ ಹಳೆಯದು. 1940ರ ದಶಕದಲ್ಲಿ ಡಬ್ಲ್ಯೂಎಂಸಿಎ ಸ್ಟೇಷನ್ನಿನ ಬ್ಯಾರಿ ಗ್ರೇ ಹಾಡು ಹಾಕಿ ಹಾಕಿ ಬೇಸತ್ತು, ಫೋನ್ ರಿಸೀವರನ್ನೇ ಮೈಕಿಗೆ ಹಿಡಿದರಂತೆ. ಆ ಕಡೆ ಇದ್ದವರು ಬ್ಯಾಂಡ್‌ಲೀಡರ್ ವುಡಿ ಹರ್ಮನ್. ಕೇಳುಗರಿಗೆ ಅದು ಹಿಡಿಸಿತು. 1970ರಲ್ಲಿ ಅದೇ ಸ್ಟೇಷನ್ ಹಾಡು ಬಿಟ್ಟು ಮಾತಿಗೆ ತಿರುಗಿತು. ಡಬ್ಲ್ಯೂಎಬಿಸಿ ಅಂತೂ ದೇಶದ ದೊಡ್ಡ ಪಾಪ್ ಸ್ಟೇಷನ್‌ಗಳಲ್ಲಿ ಒಂದಾಗಿತ್ತು. ಅದೂ 1982ರ ಮೇ 10ರಂದು ಹಾಡು ನಿಲ್ಲಿಸಿತು. ಎಷ್ಟೋ ಜನ ಹಳೆಯ ಕೇಳುಗರು ಆ ದಿನವನ್ನು ಇವತ್ತಿಗೂ ಸಾವಿನ ದಿನದ ಹಾಗೆ ನೆನೆಯುತ್ತಾರೆ.

ಯಾಕೆ ಹೀಗಾಯಿತು? ಎಫ್‌ಎಂ. ಸ್ಟೀರಿಯೊದಲ್ಲಿ ಹಾಡು ಚೆನ್ನಾಗಿ ಕೇಳುತ್ತಿದ್ದುದರಿಂದ ಸಂಗೀತದ ಕೇಳುಗರೆಲ್ಲ ಆ ಕಡೆ ಹೋದರು. ಹಳೆಯ ಬಗೆಯ ಪ್ರಸಾರವಾದ ಎಎಂನವರಿಗೆ ಉಳಿದದ್ದು ಮಾತು. ದೊಡ್ಡ ಊರಿನ ಸ್ಟೇಷನ್ನು ಒಳ್ಳೆಯ ಮಾತುಗಾರರಿಗೆ ಸಂಬಳ ಕೊಟ್ಟೀತು. ಸಣ್ಣ ಊರಿನದು ಏನು ಮಾಡಬೇಕು? ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ತುಂಬಿಸಬೇಕು, ಕೈಯಲ್ಲಿ ಕಾಸಿಲ್ಲ.

ಅಷ್ಟರಲ್ಲಿ ಉಪಗ್ರಹ ಬಂತು. ಅದಕ್ಕೆ ಮುಂಚೆ ನೆಟ್‌ವರ್ಕ್‌ಗಳು ಟೆಲಿಫೋನ್ ಕಂಪನಿಯ ತಂತಿ ಬಾಡಿಗೆಗೆ ಹಿಡಿಯಬೇಕಿತ್ತು. ದೂರ ಹೆಚ್ಚಿದಷ್ಟೂ ಖರ್ಚು ಜಾಸ್ತಿ. ಉಪಗ್ರಹಕ್ಕೆ ಹತ್ತು ಸ್ಟೇಷನ್ನೂ ಒಂದೇ, ಐನೂರೂ ಒಂದೇ. ಇತ್ತ ಒಂದು ಡಿಶ್ ಇದ್ದರೆ ಸಾಕು. ಉಪಗ್ರಹಕ್ಕೂ ಸ್ವಲ್ಪ ಮುಂಚೆ, 1978ರಲ್ಲೇ ಮ್ಯೂಚುವಲ್ ನೆಟ್‌ವರ್ಕ್ ಮಾತುಗಾರ ಲ್ಯಾರಿ ಕಿಂಗ್ ಅವರನ್ನು ರಾತ್ರಿಯಿಡೀ ದೇಶಕ್ಕೆಲ್ಲ ಕೇಳಿಸಿತ್ತು. ಅವರು ಕೂರುತ್ತಿದ್ದದ್ದು ವಾಷಿಂಗ್ಟನ್ ಪಕ್ಕದಲ್ಲಿ. 1981ರಲ್ಲಿ ಎನ್‌ಬಿಸಿಯ ಟಾಕ್‌ನೆಟ್ ಬಂತು. ಅದರಲ್ಲಿ ಬ್ರೂಸ್ ವಿಲಿಯಮ್ಸ್ ಹಣಕಾಸಿನ ಸಲಹೆ ಕೊಡುತ್ತಿದ್ದರು, ಸ್ಯಾಲಿ ಜೆಸ್ಸಿ ರಾಫೆಲ್ ಮನೆ-ಮನಸ್ಸಿನ ಕಷ್ಟ ಕೇಳುತ್ತಿದ್ದರು. ಆದರೆ ಇವೆಲ್ಲ ಕತ್ತಲಾದ ಮೇಲಿನ ಕಾರ್ಯಕ್ರಮಗಳು. ಹಗಲಲ್ಲಿ ಜನಕ್ಕೆ ತಮ್ಮೂರಿನ ಸುದ್ದಿಯೇ ಬೇಕು ಅನ್ನೋದು ಸ್ಟೇಷನ್‌ನವರ ಗಟ್ಟಿ ನಂಬಿಕೆ.

ಆ ನಂಬಿಕೆ ಮುರಿದವರು ಎಡ್ ಮೆಕ್‌ಲಾಫ್ಲಿನ್. ಅವರು ಎಬಿಸಿ ರೇಡಿಯೊ ನೆಟ್‌ವರ್ಕಿನ ಮುಖ್ಯಸ್ಥರಾಗಿದ್ದವರು. ನನ್ನ ಪ್ರಕಾರ ಲಿಂಬಾ ಅವರಷ್ಟೇ ಹೆಸರು ಇವರಿಗೂ ಸಲ್ಲಬೇಕು. ಸ್ಯಾಕ್ರಮೆಂಟೊದಲ್ಲಿ ಮಾತಾಡುತ್ತಿದ್ದ ಲಿಂಬಾ ಅವರನ್ನು ನ್ಯೂಯಾರ್ಕ್‌ಗೆ ಕರೆತಂದರು. 1988ರ ಆಗಸ್ಟ್ 1ರಂದು, ಮಧ್ಯಾಹ್ನದ ಹೊತ್ತಲ್ಲಿ, 56 ಸ್ಟೇಷನ್‌ಗಳಲ್ಲಿ ಶುರು. ಸಣ್ಣ ಸ್ಟೇಷನ್‌ಗಳಿಗೆ ಕಾರ್ಯಕ್ರಮ ಪುಕ್ಕಟೆ. ಬದಲಿಗೆ ಗಂಟೆಗೆ ಕೆಲವು ನಿಮಿಷದ ಜಾಹೀರಾತು ಕಳಿಸುವವರದ್ದು, ಉಳಿದದ್ದು ಸ್ಟೇಷನ್ನಿನದು. ಖಾಲಿ ಕೈಯವರಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಇಲ್ಲ ಅಲ್ವಾ? 1990ರ ದಶಕದ ಮೊದಲ ಭಾಗದಲ್ಲೇ 600 ಸ್ಟೇಷನ್ ದಾಟಿತು.

ಇದಕ್ಕೆಲ್ಲ ಫೇರ್‌ನೆಸ್ ಡಾಕ್ಟ್ರಿನ್ ರದ್ದಾದದ್ದೇ ಕಾರಣ ಅಂತ ಎಲ್ಲ ಕಡೆ ಓದುತ್ತೀರಿ. ವಿವಾದದ ವಿಷಯದಲ್ಲಿ ಬೇರೆ ಬೇರೆ ಅಭಿಪ್ರಾಯಕ್ಕೂ ಜಾಗ ಕೊಡಬೇಕು ಅನ್ನುವ ಆ ನಿಯಮವನ್ನು 1987ರ ಆಗಸ್ಟ್‌ನಲ್ಲಿ ಎಫ್‌ಸಿಸಿ, ಅಂದರೆ ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ, ಕೈಬಿಟ್ಟಿತು. ಇಡೀ ದಿನ ಒಂದೇ ಪಕ್ಷದ ಪರ ಮಾತಾಡಲು ಅದರಿಂದ ದಾರಿಯಾಯಿತು, ನಿಜ. ಆದರೆ ಬರೀ ಅದೊಂದೇ ಆಗಿದ್ದರೆ 56 ಊರಿಗೆ ಯಾರೂ ಮುಟ್ಟುತ್ತಿರಲಿಲ್ಲ. ಡಿಶ್ಶು, ಪುಕ್ಕಟೆ ಕಾರ್ಯಕ್ರಮ, ಖಾಲಿ ಬಿದ್ದ ಎಎಂ, ಈ ಮೂರೂ ಬೇಕಿತ್ತು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಶುರುವಿನಲ್ಲಿ ಲಿಂಬಾ ಡಬ್ಲ್ಯೂಎಬಿಸಿಯಲ್ಲಿ ಬೆಳಿಗ್ಗೆ ನ್ಯೂಯಾರ್ಕ್‌ಗೆಂದೇ ಬೇರೆ ಕಾರ್ಯಕ್ರಮ ಮಾಡುತ್ತಿದ್ದರು. ಅದು ಮುಗಿದ ಮೇಲೆ ದೇಶದ್ದು. ಈ ಊರಿಗೆ ಆಗಿನ್ನೂ ತನ್ನದೇ ಮಾತು ಬೇಕಿತ್ತು. ಮುಂದೆ ದೇಶದ ಕಾರ್ಯಕ್ರಮವೇ ಇಲ್ಲೂ ಬಂತು. ನನಗದು ಗೊತ್ತಾದದ್ದು ಕರೆ ಮಾಡುವವರ ಊರಿನ ಹೆಸರಿನಿಂದ. ಅಲ್ಲಿಯವರೆಗೆ ಬ್ರಾಂಕ್ಸ್, ಸ್ಟೇಟನ್ ಐಲೆಂಡ್, ಫ್ಲಶಿಂಗ್ ಕೇಳುತ್ತಿದ್ದೆ. ಒಂದು ಮಧ್ಯಾಹ್ನ ಅಕ್ಕಿ ಮೂಟೆ ಇಳಿಸುತ್ತಾ ಕೇಳಿದರೆ ಟಲ್ಸಾ, ಡೇಟನ್, ಫ್ರೆಸ್ನೊ. ಫ್ಲಶಿಂಗ್‌ನಿಂದ ಒಂದೂ ಕರೆ ಇರಲಿಲ್ಲ.