ಬೇಡಿಕೆ ಏರಿದ ಹೊತ್ತಿನಲ್ಲಿ ಗೀಸರ್ ಮತ್ತು ಏಸಿಯ ನಿಯಂತ್ರಣ

ವಿದ್ಯುತ್ ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ಮನೆಯ ಗೀಸರ್ ಹಾಗೂ ಏಸಿಯನ್ನು ವಿದ್ಯುತ್ ಕಂಪನಿಯವರು ದೂರದಿಂದಲೇ ನಿಯಂತ್ರಿಸುವ ಯೋಜನೆಗೆ ಸೇರಿದರೆ ವಿದ್ಯುತ್ ನಿಜಕ್ಕೂ ಉಳಿಯುತ್ತದೆಯೇ ಎಂದು ನೀವು ಕೇಳಿದ್ದೀರಿ. ಉಳಿಯುವುದು ಅಲ್ಪ, ಬಳಕೆಯ ಸಮಯ ಬದಲಾಗುತ್ತದೆ ಎನ್ನುವುದೇ ಸರಿಯಾದ ಮಾತು. ಆದರೆ ಈ ಸಮಯದ ಬದಲಾವಣೆಯನ್ನು ದಯವಿಟ್ಟು ಕಡೆಗಣಿಸಬೇಡಿ. ವಿದ್ಯುತ್ತನ್ನು ಬಹುಪಾಲು ಬಳಸುವ ಕ್ಷಣದಲ್ಲೇ ಉತ್ಪಾದಿಸಬೇಕಾಗಿರುವುದರಿಂದ, ವರ್ಷದ ಕೆಲವೇ ಗಂಟೆಗಳ ಗರಿಷ್ಠ ಬೇಡಿಕೆಗಾಗಿ ದುಬಾರಿ ಸ್ಥಾವರಗಳನ್ನೂ ತಂತಿಮಾರ್ಗಗಳನ್ನೂ ಸಜ್ಜಾಗಿಡಬೇಕಾಗುತ್ತದೆ, ಮತ್ತು ಆ ವೆಚ್ಚ ಕೊನೆಗೆ ಎಲ್ಲರ ಬಿಲ್ಲಿಗೂ ಸೇರುತ್ತದೆ.

ಗೀಸರ್ ಮಟ್ಟಿಗೆ ಹಿಂಜರಿಯದೆ ಒಪ್ಪಿಕೊಳ್ಳಿ ಎನ್ನುತ್ತೇನೆ. ಉಷ್ಣನಿರೋಧಕ ಹೊದಿಕೆಯ ತೊಟ್ಟಿಯಲ್ಲಿ ನೀರು ಗಂಟೆಗಟ್ಟಲೆ ಬಿಸಿಯಾಗಿಯೇ ಇರುವುದರಿಂದ, 2 ಕಿಲೋವ್ಯಾಟ್ ಹೀಟರ್ ಎರಡು ಗಂಟೆ ತಡವಾಗಿ ಚಾಲೂ ಆದರೂ ನಿಮ್ಮ ಗಮನಕ್ಕೆ ಬರುವುದು ಅಪರೂಪ. ತೊಟ್ಟಿಯಿಲ್ಲದೆ ತಕ್ಷಣ ಕಾಯಿಸುವ ಗೀಸರ್‌ಗೆ ಮಾತ್ರ ಇದು ಹೊಂದದು.

ಏಸಿಯ ವಿಷಯ ಬೇರೆ. ಸಾಮಾನ್ಯವಾಗಿ ಕಂಪ್ರೆಸರನ್ನು ಆಗಾಗ ನಿಲ್ಲಿಸುತ್ತಾರೆ, ಇಲ್ಲವೇ ಥರ್ಮೋಸ್ಟಾಟನ್ನು ಕೆಲವು ಡಿಗ್ರಿ ಏರಿಸುತ್ತಾರೆ. ಮನೆಯಲ್ಲಿ ಹಸುಗೂಸುಗಳೋ ವೃದ್ಧರೋ ಇದ್ದರೆ ಆ ಸೆಕೆ ಬರೀ ಕಿರಿಕಿರಿಯಲ್ಲ, ಅಪಾಯವೂ ಆಗಬಹುದು. ಆದ್ದರಿಂದ ಅಗತ್ಯ ಬಿದ್ದಾಗ ದಂಡವಿಲ್ಲದೆ ನೀವೇ ನಿಯಂತ್ರಣವನ್ನು ರದ್ದುಮಾಡಬಹುದೇ, ವರ್ಷಕ್ಕೆ ಹೆಚ್ಚೆಂದರೆ ಎಷ್ಟು ಬಾರಿ, ಪ್ರತಿ ಬಾರಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ ಎಂಬುದನ್ನು ಸಹಿ ಹಾಕುವ ಮುನ್ನವೇ ಬರಹದಲ್ಲಿ ಪಡೆದುಕೊಳ್ಳಿ.